ಏಳು ಬಿಳಿ ಕಂಬ

ನಿಬಾಲ್ಡೊ ಕುಡುಕನಲ್ಲ, ನಿದ್ದೆಗೇಡಿಯಲ್ಲ.
ಇಪ್ಪತ್ತಾರು ವರ್ಷದಲ್ಲಿ ಈ ರಸ್ತೆಯ ಮೇಲೆ
ಒಂದು ನಾಯಿಯನ್ನೂ ಕೊಂದವನಲ್ಲ.
ಬರೀ, ಆಗಾಗ,
ಅವನು ಇರುವುದಿಲ್ಲ.

ಕೈ ಸ್ಟಿಯರಿಂಗಿನ ಮೇಲೇ ಇರುತ್ತದೆ.
ಕಣ್ಣು ತೆರೆದೇ ಇರುತ್ತದೆ.
ತುಟಿ ಮಾತ್ರ ಏನನ್ನೋ ಚಪ್ಪರಿಸಿದಂತೆ
ಎರಡು ಸಲ ಆಡುತ್ತದೆ.
ಆಮೇಲೆ ಮರಳಿ ಬರುತ್ತಾನೆ,
ಅರ್ಧಕ್ಕೆ ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಾನೆ
ಹೊಲಿಗೆ ಕಾಣದ ಹಾಗೆ.

ನಾನು ಮೊದಲು ಕಂಡದ್ದು ತಾಲ್ತಾಲ್ ತಿರುವಿನ ಹೋಟೆಲಿನಲ್ಲಿ.
ಚಹಾಕ್ಕೆ ಸಕ್ಕರೆ ಹಾಕುತ್ತಿದ್ದ. ಚಮಚ ಗಾಳಿಯಲ್ಲೇ ನಿಂತಿತು.
ಸಕ್ಕರೆ ಮೇಜಿನ ಮೇಲೆ ಸುರಿಯಿತು,
ಹೊರಗಿನ ಮರಳು ಒಳಗೆ ಬಂದಂತೆ.
ಎಣಿಸಿದೆ. ಏಳು.
ಯಾರಿಗೂ ಹೇಳಬೇಡ ಎನ್ನಲಿಲ್ಲ ಅವನು.
ನನ್ನ ಬಲಗಾಲಿನ ಬೂಟನ್ನೊಮ್ಮೆ ನೋಡಿದ, ಅಷ್ಟೆ.

ಅದರೊಳಗೆ ಹಿಂದಿನ ತಿಂಗಳು ಒಂದು ಮೊಳೆ ಹೊಕ್ಕಿತ್ತು.
ಆಂತೊಫಗಾಸ್ತಾದಿಂದ ಕೊಪಿಯಾಪೊವರೆಗೆ
ನನಗೆ ಗೊತ್ತೇ ಆಗಲಿಲ್ಲ.
ಕಾಲುಚೀಲ ಕೆಂಪಾದದ್ದನ್ನು ತೋರಿಸಿದವನು ಅವನೇ.
ಸಕ್ಕರೆ ನನ್ನನ್ನು ಹೆಬ್ಬೆರಳಿನಿಂದ ತಿನ್ನುತ್ತಾ ಬರುತ್ತಿದೆ;
ಬ್ರೇಕನ್ನು ನಾನು ಒತ್ತುವುದು ಪಾದದಿಂದಲ್ಲ,
ಮೊಣಕಾಲಿನ ನೆನಪಿನಿಂದ.

ಹೀಗೆ, ಒಂದು ಮಾತೂ ಆಡದೆ
ನಮ್ಮಿಬ್ಬರ ನಡುವೆ ಕರಾರಾಯಿತು.

ವರ್ಷಕ್ಕೊಮ್ಮೆ ಕಂಪನಿಯ ಫಾರಂ.
ಎಂದಾದರೂ ಪ್ರಜ್ಞೆ ತಪ್ಪಿದ್ದುಂಟೆ? ಇಲ್ಲ.
ಕೈಕಾಲು ಜೋಮು ಹಿಡಿಯುವುದುಂಟೆ? ಇಲ್ಲ.
ಒಂದೇ ಪೆನ್ನು, ಅವನ ಕೈಯಿಂದ ನನ್ನ ಕೈಗೆ.
ಡಾಕ್ಟರು ಒಳ್ಳೆಯ ಹೆಂಗಸು, ಗಡಿಬಿಡಿಯವಳು.
ಮೊಣಕಾಲಿಗೆ ಸುತ್ತಿಗೆ ಎತ್ತಿದಾಗಲೇ ಫೋನು ಬಂತು.
ದೇವರು ದೊಡ್ಡವನು ಎಂದುಕೊಂಡೆವು,
ಯಾರ ಪಾಲಿಗೆ ಎಂದು ಕೇಳಿಕೊಳ್ಳಲಿಲ್ಲ.

ನಿಬಾಲ್ಡೊಗೆ ಮನೆಸಾಲ ಇನ್ನೂ ಒಂಬತ್ತು ವರ್ಷ.
ಎಡೆಲ್ಮಿರಾ ಮಾತ್ರೆಗಳನ್ನು ವಿಟಮಿನ್ ಡಬ್ಬಿಗೆ ಸುರಿದು ಕೊಡುತ್ತಾಳೆ.
ನುಂಗಿದರೆ ತೂಕಡಿಕೆ. ನುಂಗದಿದ್ದರೆ ಏಳು ಸೆಕೆಂಡು.
ರಾತ್ರಿಪಾಳಿಯಲ್ಲಿ ಅವನು ನುಂಗುವುದಿಲ್ಲ.
ಲೆಕ್ಕ ನನಗೂ ಬರುತ್ತದೆ:
ಗಂಟೆಗೆ ತೊಂಬತ್ತು, ಸೆಕೆಂಡಿಗೆ ಇಪ್ಪತ್ತೈದು ಮೀಟರು,
ಒಟ್ಟು ನೂರ ಎಪ್ಪತ್ತೈದು ಮೀಟರು
ಬಸ್ಸು ಯಾರ ಕೈಯಲ್ಲೂ ಇಲ್ಲ.

ಈ ಮರಳುಗಾಡಿನಲ್ಲಿ ರಸ್ತೆ ನೆಟ್ಟಗಿದೆ.
ಅದೇ ನಮ್ಮನ್ನು ಕಾಪಾಡಿದ್ದು,
ಅದೇ ಕೆಡಿಸಿದ್ದು.

ಮೊನ್ನೆ ಚನ್ಯರಾಲ್ ಹತ್ತಿರ ಕಮಂಚಾಕಾ ಇಳಿಯಿತು,
ಕಡಲಿಂದೆದ್ದು ಬಂದು ರಸ್ತೆಯನ್ನೇ ಕುಡಿದುಬಿಡುವ ಮಂಜು.
ನಾನು ಬಸ್ಸಿನ ಹೊಟ್ಟೆಯೊಳಗೆ, ಸೂಟ್‌ಕೇಸುಗಳ ಪಕ್ಕದ ಗೂಡಿನಲ್ಲಿ
ಅಂಗಾತ ಮಲಗಿದ್ದೆ. ಬ್ರೇಕಿನ ಸದ್ದಿಗೆ ಎದ್ದೆ. ಪಾಳಿ ಬದಲು.
ಮೆಟ್ಟಿಲು ಹತ್ತುವಾಗ ಮೊದಲ ಸೀಟಿನ ಹುಡುಗಿ,
ಮುಂದಿನ ಹಲ್ಲೆರಡು ಬಿದ್ದವಳು,
ನನ್ನ ತೋಳು ಜಗ್ಗಿದಳು:

'ರಸ್ತೆ ಬದೀಲಿ ಪುಟ್ಟ ಪುಟ್ಟ ಮನೆ ಇವೆಯಲ್ಲ,
ಅದರೊಳಗೆ ಯಾರಿರ್ತಾರೆ ಅಂತ ಆ ಮಾಮನ್ನ ಕೇಳಿದೆ.
"ಅಲ್ಲಿ" ಅಂದ.
ಆಮೇಲೆ ಏಳು ಬಿಳಿ ಕಂಬ ಹೋದವು.
ಆಮೇಲೆ "ಯಾರೂ ಇರಲ್ಲ ಮಗಳೇ" ಅಂದ.
ನಡುವೆ ಅವನು ಎಲ್ಲಿಗೆ ಹೋಗಿದ್ದ?'

ಆ ಮನೆಗಳು ಮೊಣಕಾಲೆತ್ತರ.
ರಸ್ತೆಯಲ್ಲಿ ಸತ್ತವರಿಗೆ ಅವರವರ ಮಂದಿ ಕಟ್ಟಿದ್ದು.
ಬಣ್ಣಗೆಟ್ಟ ಪ್ಲಾಸ್ಟಿಕ್ ಹೂ, ಬಾಯಾರಿದರೆ ಎಂದು ನೀರಿನ ಬಾಟಲಿ,
ಕೆಲವಕ್ಕೆ ಮುದುಡಿದ ನಂಬರ್ ಪ್ಲೇಟೇ ಬಾಗಿಲು.
ಹಾದುಹೋಗುವಾಗ ಒಂದು ಚಿಕ್ಕ ಹಾರ್ನು ಹೊಡೆಯುತ್ತೇವೆ,
ಮರ್ಯಾದೆಗೆ.

ಅವನಿಗೆ ಕಿವಿ ಮಂದ, ಅಂದೆ.
ಹೊಚ್ಚಹೊಸ ಸುಳ್ಳು.
ಬಾಯಿಗೆ ಎಷ್ಟು ಬೇಗ ಬಂತು!

ನಿಬಾಲ್ಡೊ ಕೆಳಗಿಳಿದ, ನನ್ನ ಬಿಸಿ ಆರದ ಹಾಸಿಗೆಗೆ.
ನಾನು ಕೂತೆ. ಬೆನ್ನ ಹಿಂದೆ ನಲವತ್ತು ಜನರ ಗೊರಕೆ.
ಬಲಗಾಲನ್ನು ಪೆಡಲಿನ ಮೇಲಿಟ್ಟೆ.
ಇಟ್ಟೆನೋ ಇಲ್ಲವೋ
ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡೆ.

ಕನ್ನಡಿಯಲ್ಲಿ ಆ ಹುಡುಗಿ
ಅದನ್ನೂ ನೋಡುತ್ತಿದ್ದಳು.